ಒಪ್ಪಿಗೆ ಕೇಳದೆ ಆದದ್ದನ್ನು ಬಹುಪ್ರೇಮದೊಂದಿಗೆ ಸೇರಿಸಬೇಡಿ

ಬಹುಪ್ರೇಮವನ್ನು ವಿರೋಧಿಸುವ ಲೇಖನವೊಂದರಲ್ಲಿ, ಮುಕ್ತ ದಾಂಪತ್ಯ, ಬಹುಪ್ರೇಮ ಸಂಬಂಧ, ಬಹುಪತ್ನಿತ್ವ ಮೂರೂ ಒಂದೇ ಎಂದಿರುವ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲನೆಯದರಲ್ಲಿ ದಂಪತಿ ಪರಸ್ಪರ ತಿಳಿಸಿಯೇ ಹೊರಗಿನ ದೈಹಿಕ ಸಂಬಂಧಕ್ಕೆ ಅವಕಾಶ ಕೊಟ್ಟುಕೊಳ್ಳುತ್ತಾರೆ. ಎರಡನೆಯದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯೊಂದಿಗೆ ಪ್ರೀತಿಯೂ ಹೊಣೆಯೂ ಇರುತ್ತದೆ, ಮತ್ತು ಅದು ಎಲ್ಲರಿಗೂ ಗೊತ್ತಿರುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ ಕಡೆಯ ನಮ್ಮೂರಿನಲ್ಲಿ ನಾನು ಕಂಡ ಬಹುಪತ್ನಿತ್ವವೇ ಬೇರೆ. ಗಂಡುಮಗು ಆಗಲಿಲ್ಲವೆಂದು ಪಕ್ಕದ ಮನೆಯ ಯಜಮಾನರು ಇನ್ನೊಂದು ಮದುವೆ ಮಾಡಿಕೊಂಡು ಬಂದ ದಿನ, ಹಿರಿಯ ಹೆಂಡತಿ ಒಲೆಯ ಮುಂದೆ ಕುಳಿತು, ಯಾರ ಮುಖವನ್ನೂ ನೋಡದೆ, ಬಂದ ಬೀಗರಿಗೆಲ್ಲ ಜೋಳದ ರೊಟ್ಟಿ ಬಡಿಯುತ್ತಲೇ ಇದ್ದರು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಮೊದಲ ಹೆಂಡತಿ ಬದುಕಿರುವಾಗ ವಿಚ್ಛೇದನವಿಲ್ಲದೆ ಆದ ಎರಡನೆಯ ಮದುವೆ ಅಸಿಂಧು. ಹೀಗಾಗಿ ಕಿರಿಯವರಿಗೂ ಹೆಂಡತಿಯ ಕಾನೂನುಬದ್ಧ ಸ್ಥಾನ ದಕ್ಕಲಿಲ್ಲ, ಅವರ ಮಕ್ಕಳಿಗೆ ಮಾತ್ರ ಅದೇ ಕಾಯ್ದೆಯ 16ನೇ ಕಲಂ ಔರಸ, ಅಂದರೆ ಕಾನೂನುಬದ್ಧ, ಮಕ್ಕಳೆಂಬ ಮಾನ್ಯತೆ ಕೊಡುತ್ತದೆ.

2018ರಲ್ಲಿ ಸುಪ್ರೀಂ ಕೋರ್ಟ್ ದಂಡಸಂಹಿತೆಯ 497ನೇ ಕಲಮನ್ನು ರದ್ದುಪಡಿಸಿದ ಮೇಲೆ ವ್ಯಭಿಚಾರ ಅಪರಾಧವಾಗಿ ಉಳಿದಿಲ್ಲ, ವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ. ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟವರಿಗೆ ದ್ವಿಪತ್ನಿತ್ವ ಇಂದಿಗೂ ಅಪರಾಧವೇ. ಬಹುಪ್ರೇಮವನ್ನು ಲೇಖಕರು ಧಾರಾಳವಾಗಿ ವಿರೋಧಿಸಲಿ, ಆದರೆ ಆ ಹಿರಿಯ ತಾಯಿಗೆ ಆದಂಥದ್ದನ್ನು ಅದರ ಉದಾಹರಣೆಯಾಗಿ ಕೊಡುವುದನ್ನು ದಯವಿಟ್ಟು ನಿಲ್ಲಿಸಲಿ.