ಪೂರ್ತಿ ಕಾಣದಾಗುವವರೆಗೂ ಯಾಕೆ ಕಾಯಬೇಕು?

ದೃಷ್ಟಿ ಕಮ್ಮಿಯಾಗುತ್ತಿರುವ ಎಷ್ಟೋ ಜನರ ಬಾಯಲ್ಲಿ ಒಂದೇ ಮಾತು: "ನನಗಿನ್ನೂ ಅಷ್ಟೊಂದು ಆಗಿಲ್ಲ, ಸ್ವಲ್ಪ ಕಾಣುತ್ತೆ." ಸ್ವಲ್ಪ ಕಾಣುವುದರಿಂದಲೇ ತರಬೇತಿಗೆ, ಸಂಘಕ್ಕೆ ಈಗಲೇ ಹೋಗಿ ಅಂತ ಹೇಳೋಕೆ ಈ ಬರಹ. ಬಿಳಿ ಕೋಲು, ಸ್ಕ್ರೀನ್ ರೀಡರ್ (ಪರದೆ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್), ತರಬೇತಿ, ಸಂಘಗಳು ಇವೆಲ್ಲ ಏನೂ ಕಾಣದವರಿಗೆ ಮಾತ್ರ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ. ಆದರೆ ಕುರುಡು ಅಂತ ಸರ್ಟಿಫಿಕೇಟ್ ಇರುವವರಲ್ಲೂ ತುಂಬ ಜನಕ್ಕೆ ಬೆಳಕೋ, ಆಕಾರವೋ, ಏನೋ ಒಂದಿಷ್ಟು ಕಾಣುತ್ತಿರುತ್ತದೆ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪರದೆ ನಿಧಾನವಾಗಿ ಹಾಳಾಗುವ ಕಾಯಿಲೆ. ಇದರಲ್ಲಿ ಸಾಮಾನ್ಯವಾಗಿ ಮೊದಲು ಕತ್ತಲಲ್ಲಿ ಕಾಣುವುದು ಕಷ್ಟವಾಗುತ್ತದೆ. ಆಮೇಲೆ ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬರುತ್ತದೆ. ಹಾಗಾಗಿ ಫೋನಿನ ಅಕ್ಷರ ಓದಬಲ್ಲೆ, ಕಾಲಬುಡದಲ್ಲಿರುವ ಸ್ಟೂಲ್ ಕಾಣುವುದಿಲ್ಲ. ಕೋಲು ಹಿಡಿದುಕೊಂಡು ಫೋನ್ ನೋಡಿದರೆ ಜನ ನಾಟಕ ಅಂತಾರೆ. ಅನ್ನಲಿ ಬಿಡಿ.

ಕೋಲನ್ನು ಸುಮ್ನೆ ಮುಂದೆ ಚಾಚಿಕೊಂಡು ನಡೆಯುವುದಲ್ಲ. ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕೆ ತಾಗಬೇಕು, ಎಡಗಾಲು ಇಡುವಾಗ ಬಲಕ್ಕೆ. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ರಿಚರ್ಡ್ ಹೂವರ್ ಉದ್ದ ಕೋಲಿನ ಈ ಪದ್ಧತಿಯನ್ನು ರೂಪಿಸಿದರು. ಇದನ್ನು ಕಲಿಸುವ ತರಬೇತುದಾರರಿದ್ದಾರೆ, ಅದೇ ಅವರ ಕೆಲಸ. ವಿಡಿಯೋ ನೋಡಿ ಕಲಿಯಬೇಡಿ. ಇನ್ನೂ ಸ್ವಲ್ಪ ಕಾಣುವಾಗಲೇ ಕಲಿತರೆ ಕೋಲು ಹೇಳಿದ್ದು ಸರಿಯೋ ಅಂತ ಕಣ್ಣಲ್ಲೇ ತಾಳೆ ನೋಡಬಹುದು. ಹಾಗೆ ಕೈಗೆ ಬಂದ ಧೈರ್ಯ ಆಮೇಲೂ ಕೈಬಿಡುವುದಿಲ್ಲ.

ಸ್ಕ್ರೀನ್ ರೀಡರ್ ವಿಷಯವೂ ಇದೇ. 2009ರಿಂದಲೇ ಐಫೋನಿನಲ್ಲಿ ವಾಯ್ಸ್‌ಓವರ್ ಇದೆ, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಇದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಇದೆ, ಪೂರ್ತಿ ಉಚಿತ. ಅದನ್ನು 2006ರಲ್ಲಿ ಶುರುಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಆಮೇಲೆ ಜೇಮ್ಸ್ ಟೆ ಜೊತೆ ಸೇರಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಮೊದಲ ವಾರ ತಲೆ ಕೆಡುತ್ತದೆ, ನಿಜ. ಫೋನಿನ ಪರದೆ ಮೇಲೆ ಬೆರಳಿಟ್ಟರೆ ಮಾತಾಡುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ. ಅಭ್ಯಾಸವಾದ ಮೇಲೆ ಅದು ಓದುವ ವೇಗವನ್ನು ನೀವೇ ಹೆಚ್ಚಿಸುತ್ತಾ ಹೋಗುತ್ತೀರಿ. ಪಕ್ಕದಲ್ಲಿ ಕೂತವರಿಗೆ ಅದೊಂದು ಭಾಷೆ ಅಂತಲೇ ಅನಿಸುವುದಿಲ್ಲ!

ಇನ್ನೊಂದು ವಿಷಯವಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿ ಹೋಗುತ್ತಿರುವ ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಗೋಡೆ ಮೇಲೆ ಡಿಸೈನು, ಮುಖಗಳು, ರೂಮಿನಲ್ಲಿ ಪುಟಾಣಿ ಮನುಷ್ಯರು. ಅವು ನಿಜವಲ್ಲ ಅಂತ ಅವರಿಗೇ ಗೊತ್ತಿರುತ್ತದೆ. ಆದರೂ ಮನೆಯವರಿಗೆ ಹೇಳುವುದಿಲ್ಲ, ತಲೆ ಕೆಟ್ಟಿದೆ ಅಂದುಕೊಂಡಾರು ಅಂತ ಭಯ. ಇದಕ್ಕೆ ಚಾರ್ಲ್ಸ್ ಬೋನೆ ಸಿಂಡ್ರೋಮ್ ಅಂತಾರೆ. 1760ರಲ್ಲಿ ಜಿನೀವಾದ ವಿಜ್ಞಾನಿ ಬೋನೆ ತನ್ನ ತಾತನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟ. ಕಣ್ಣಿನಿಂದ ಬರಬೇಕಾದ ಮಾಹಿತಿ ಕಮ್ಮಿಯಾದಾಗ ಮೆದುಳು ತಾನೇ ಚಿತ್ರ ಬಿಡಿಸಿಕೊಳ್ಳುತ್ತದೆ. ಹುಚ್ಚಲ್ಲ. ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಡಾಕ್ಟರಿಗೆ ಹೇಳಲೇಬೇಕು. ಆದರೆ ಬೆಂಬಲ ಗುಂಪಿನಲ್ಲಿ "ನನಗೂ ಕಾಣುತ್ತೆ ಕಣ್ರೀ" ಅಂತ ಒಬ್ಬರು ಅಂದರೆ ಸಿಗುವ ಸಮಾಧಾನ ಇದೆಯಲ್ಲ, ಅದನ್ನು ಯಾವ ಡಾಕ್ಟರೂ ಬರೆದುಕೊಡಲಾರರು.

ಇದು ಬೆಂಬಲದ ಮಾತಾಯಿತು. ಹಕ್ಕಿನ ಮಾತು ಬೇರೆ. ನಾನು ಎಷ್ಟೇ ಚೆನ್ನಾಗಿ ಸ್ಕ್ರೀನ್ ರೀಡರ್ ಕಲಿತರೂ, ಆ್ಯಪ್ ಮಾಡಿದವರು ಬಟನ್‌ಗೆ ಹೆಸರು ಕೊಡದಿದ್ದರೆ ಫೋನ್ ಏನು ಹೇಳುತ್ತದೆ ಗೊತ್ತಾ? "ಬಟನ್. ಬಟನ್. ಬಟನ್." ಹಣ ಕಳಿಸುವುದು ಯಾವುದು, ರದ್ದು ಮಾಡುವುದು ಯಾವುದು, ಊಹೆ ಮಾಡಬೇಕು. ಇದು ನನ್ನ ಕಣ್ಣಿನ ತೊಂದರೆ ಅಲ್ಲ, ಅಲ್ವಾ? ಒಬ್ಬರೇ ದೂರು ಕೊಟ್ಟರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಂಘ ಬೇಕಾಗುವುದು ಇಲ್ಲೇ.

ಪುಸ್ತಕದ ಕಥೆಯನ್ನೇ ನೋಡಿ. ಒಂದು ದೇಶದಲ್ಲಿ ಬ್ರೈಲ್ ಅಥವಾ ಆಡಿಯೋ ರೂಪಕ್ಕೆ ತಂದ ಪುಸ್ತಕವನ್ನು ಇನ್ನೊಂದು ದೇಶದ ಓದುಗರಿಗೆ ಕಳಿಸಲು ಕಾಪಿರೈಟ್ ಕಾನೂನು ಅಡ್ಡ ಬರುತ್ತಿತ್ತು. ಒಂದೇ ಪುಸ್ತಕವನ್ನು ಬೇರೆ ಬೇರೆ ದೇಶದಲ್ಲಿ ಮತ್ತೆ ಮತ್ತೆ ಸಿದ್ಧಮಾಡಬೇಕಿತ್ತು. ವಿಶ್ವ ಅಂಧರ ಒಕ್ಕೂಟ ಮತ್ತು ಅದರ ಜೊತೆಯ ಸಂಘಗಳು ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ 2013ರಲ್ಲಿ ಈ ಅಡ್ಡಿಯನ್ನು ತೆಗೆಯುವ ಮರಾಕೆಶ್ ಒಪ್ಪಂದ ಆಯಿತು, 2016ರಲ್ಲಿ ಜಾರಿಗೆ ಬಂತು. ಯಾರೋ ಕನಿಕರಪಟ್ಟು ಕೊಟ್ಟಿದ್ದಲ್ಲ ಅದು.

ಹಾಗಾಗಿ ಯಾವುದೇ ಸಂಸ್ಥೆಗೆ ಹೋಗುವ ಮುಂಚೆ ನಾನು ಕೇಳುವ ಪ್ರಶ್ನೆ ಒಂದೇ: ಇಲ್ಲಿ ತೀರ್ಮಾನ ತೆಗೆದುಕೊಳ್ಳುವವರಲ್ಲಿ ಕಣ್ಣು ಕಾಣದವರು ಇದ್ದಾರಾ? ಸುಮ್ನೆ ಹಟಕ್ಕೆ ಕೇಳುವುದಲ್ಲ. ಕಣ್ಣು ಕಾಣದ ಲೂಯಿ ಬ್ರೈಲ್ 1824ರ ಹೊತ್ತಿಗೇ, ಹದಿನೈದರ ಹುಡುಗನಾಗಿದ್ದಾಗ, ತನ್ನ ಚುಕ್ಕಿ ಲಿಪಿಯನ್ನು ಸಿದ್ಧಮಾಡಿದ್ದ. ಅವನ ಶಾಲೆಯಲ್ಲಿ ಓದಿಸುತ್ತಿದ್ದುದು ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ ಪುಸ್ತಕ. ಕಣ್ಣಿದ್ದವರಿಗೆ ಅದು ಸಲೀಸು, ಬೆರಳಲ್ಲಿ ಓದುವ ಮಕ್ಕಳಿಗೆ ಆಮೆ ವೇಗ. ಆ ಶಾಲೆ ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡಿದ್ದು 1854ರಲ್ಲಿ. ಅಷ್ಟರಲ್ಲಿ ಅವನು ಸತ್ತು ಎರಡು ವರ್ಷವಾಗಿತ್ತು.

ಮನೆಯವರಿಗೆ ಒಂದು ಮಾತು. ಕೈ ಹಿಡಿದು ಎಳೆಯಬೇಡಿ, ಹಿಂದಿನಿಂದ ತಳ್ಳಬೇಡಿ. ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿ. ಸಾಕು.

ಡಾಕ್ಟರ್ "ಇನ್ನು ಚಿಕಿತ್ಸೆ ಇಲ್ಲ" ಅಂದ ದಿನವೇ ಎದ್ದು ಬರುವ ಮುಂಚೆ ಕೇಳಿ: ಲೋ ವಿಷನ್ ಕ್ಲಿನಿಕ್ (ಉಳಿದಿರುವ ದೃಷ್ಟಿಯನ್ನು ಚೆನ್ನಾಗಿ ಬಳಸಲು ನೆರವಾಗುವ ಕ್ಲಿನಿಕ್) ಎಲ್ಲಿದೆ, ತರಬೇತಿ ಯಾರು ಕೊಡುತ್ತಾರೆ, ನನ್ನಂಥವರ ಗುಂಪು ಯಾವುದಿದೆ? ಅವರಾಗಿ ಹೇಳುತ್ತಾರೆ ಅಂತ ಕಾಯಬೇಡಿ, ತುಂಬ ಜನ ಹೇಳುವುದಿಲ್ಲ. ಯಾರಿಗಾದರೂ ಟಾಕ್‌ಬ್ಯಾಕ್ ಅಥವಾ ಎನ್‌ವಿಡಿಎ ಶುರುಮಾಡುವುದು ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ವಾಯ್ಸ್ ಮೆಸೇಜ್ ಆದರೆ ಇನ್ನೂ ಒಳ್ಳೆಯದು. ಸ್ಕ್ರೀನ್‌ಶಾಟ್ ಕಳಿಸುವವರು ಅದರಲ್ಲಿ ಏನಿದೆ ಅಂತ ಒಂದು ಸಾಲು ಬರೆದುಬಿಡಿ. ಕಣ್ಣಿಗೆ ಸುಸ್ತಾದ ಮೇಲೆ ನಾನು ಫೋನಿನ ಕೈಲೇ ಓದಿಸುವುದು, ಅದು "ಇಮೇಜ್" ಅಂತ ಹೇಳಿ ಸುಮ್ಮನಾಗಿಬಿಡುತ್ತದೆ.