ನಿಲ್ಲಿಸುವುದು ಬೇರೆ, ವಾಯಿದೆ ಹೇಳುವುದು ಬೇರೆ

‘ಸರಣಿಯನ್ನು ಅರ್ಧಕ್ಕೆ ಬಿಟ್ಟ ಲೇಖಕ ಓದುಗನಿಗೆ ದ್ರೋಹ ಬಗೆದಂತೆ’ ಎಂಬ ಲೇಖನದ ಮಾತನ್ನು ನಾನು ಒಪ್ಪಲಾರೆ. 18 ಪರ್ವಗಳ ಭಾರತವನ್ನು ಕುಮಾರವ್ಯಾಸ 10ಕ್ಕೇ, ಗದಾಪರ್ವದೊಂದಿಗೆ, ನಿಲ್ಲಿಸಿದ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಆದರೂ ಚಿತ್ರದುರ್ಗದ ನಮ್ಮ ಬೀದಿಯಲ್ಲಿ ನಾನು ಬಾಲ್ಯದಿಂದ ಕೇಳುತ್ತ ಬಂದ ಗಮಕ ವಾಚನಗಳಲ್ಲಿ ಒಂದೂ ಗದಾಪರ್ವವನ್ನು ದಾಟಿದ್ದಿಲ್ಲ, ಕೇಳುಗರಲ್ಲಿ ಯಾರೂ (ನಿದ್ದೆ ಹೋದವರನ್ನು ಬಿಟ್ಟರೆ) ಮೋಸಹೋದೆವೆಂದು ಗೊಣಗಿದ್ದೂ ಇಲ್ಲ. ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಕಾದಂಬರಿ ಸರಣಿ ಬರೆಯುತ್ತಿರುವ ಅಮೆರಿಕದ ಲೇಖಕ ಜಾರ್ಜ್ ಮಾರ್ಟಿನ್ ಅವರ ಮೇಲೆ ಓದುಗರಿಗಿರುವ ಸಿಟ್ಟಿಗೆ ಕಾರಣವೇ ಬೇರೆ: 2011ರಲ್ಲಿ ಐದನೆಯ ಸಂಪುಟ ಹೊರಬಂದ ಮೇಲೆ, ಆರನೆಯದನ್ನು ಬರೆಯುತ್ತಿದ್ದೇನೆಂದು ಅವರೇ ವರ್ಷವರ್ಷವೂ ಹೇಳುತ್ತ ಬಂದಿದ್ದಾರೆ. ಕುಮಾರವ್ಯಾಸ ಅಂಥ ವಾಯಿದೆಯನ್ನೇನೂ ಕೊಟ್ಟಿರಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.