ತಿರುಗಿಸೋಕೆ ಆಗದ ಮೇಲೆ ಅದು ರೂಪ ಬದಲಿಸುವ ರೋಬೋಟ್ ಹೇಗಾಗುತ್ತೆ?

ಮಗನ ಹುಟ್ಟುಹಬ್ಬಕ್ಕೆ, ರೋಬೋಟ್ ಆಗಿ ಬದಲಾಗುವ ಬಾಹ್ಯಾಕಾಶದ ಆಟಿಕೆಗಳ ಸೆಟ್ ತಂದಿದ್ದೆ. ಮೂರನೇ ದಿನ ಸಂಜೆ ಅದರಲ್ಲಿದ್ದ ಸ್ಪೇಸ್ ಷಟಲ್‌ನ ಭುಜ ಮುರಿಯಿತು. ಮಗ ಅದನ್ನು ಎಸೆದಿರಲಿಲ್ಲ, ತುಳಿದಿರಲಿಲ್ಲ, ಯಾರ ಜೊತೆಗೂ ಕಿತ್ತಾಡಿರಲಿಲ್ಲ. ನೆಲದ ಮೇಲೆ ಕೂತು, ಕಾಗದದಲ್ಲಿ ತೋರಿಸಿದ ಹಾಗೇ ಕೈಯನ್ನು ಹೊರಗೆ ಎಳೆದು ಮೇಲಕ್ಕೆ ತಿರುಗಿಸಿದ. ಚಟ್ ಅಂತ ಸದ್ದಾಯಿತು. ರೋಬೋಟಿನ ಕೈ ಅವನ ಬೆರಳುಗಳ ನಡುವೆಯೇ ಉಳಿಯಿತು. ಅಳಲಿಲ್ಲ. ನನ್ನ ಮುಖ ನೋಡಿ, "ಅಮ್ಮಾ, ನಾನು ಮೆಲ್ಲಗೇ ತಿರುಗಿಸಿದ್ದು" ಅಂದ. ಆರು ವರ್ಷದ ಹುಡುಗ. ಅವತ್ತಿನಿಂದ ನನ್ನ ಸಿಟ್ಟು ಇಳಿದಿಲ್ಲ.

ಆರು ಪುಟ್ಟ ಆಟಿಕೆಗಳ ಸೆಟ್ ಅದು. ಷಟಲ್, ರಾಕೆಟ್, ರೋವರ್, ಲ್ಯಾಂಡರ್, ಉಪಗ್ರಹ, ಟೆಲಿಸ್ಕೋಪ್. ಒಂದೊಂದೂ ಅಂಗೈಯಲ್ಲಿ ಕೂರುತ್ತೆ, ಒಂದೊಂದೂ ರೋಬೋಟ್ ಆಗುತ್ತೆ, ಆರನ್ನೂ ಜೋಡಿಸಿದರೆ ಒಂದು ದೊಡ್ಡ ರೋಬೋಟ್ ಆಗುತ್ತೆ. ಪೆಟ್ಟಿಗೆಯ ಮೇಲೆ ಹಾಗೆ ಬರೆದಿದೆ. ಇವನಿಗೆ ಬಾಹ್ಯಾಕಾಶದ ಹುಚ್ಚು. ಹುಟ್ಟುಹಬ್ಬಕ್ಕೆ ಬೇರೇನೂ ಬೇಡ, ಇದೇ ಬೇಕು ಅಂತ ತಿಂಗಳುಗಟ್ಟಲೆ ಕಾದಿದ್ದ.

ಅದರಲ್ಲೂ ಷಟಲ್ ಅಂದ್ರೆ ಪ್ರಾಣ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಒಯ್ದು ವಾಪಸ್ ತರುತ್ತಿದ್ದ ಅಮೆರಿಕದ ನೌಕೆ, ನಿಜವಾದ ಸ್ಪೇಸ್ ಷಟಲ್, 1981ರಿಂದ 2011ರವರೆಗೆ 135 ಸಲ ಹಾರಿತು ಅನ್ನೋದು ಅವನಿಗೆ ಬಾಯಿಪಾಠ. ಅದರ ಬೆನ್ನಿನ ಮೇಲೆ 18 ಮೀಟರ್ ಉದ್ದದ ಬಾಗಿಲುಗಳಿದ್ದವು. ಕಕ್ಷೆ ಸೇರಿದ ಮೇಲೆ ಅವನ್ನು ತೆರೆಯಲೇಬೇಕಿತ್ತು. ಯಾಕಂದ್ರೆ ನೌಕೆಯ ಶಾಖವನ್ನು ಹೊರಗೆ ಬಿಡುವ ರೇಡಿಯೇಟರ್‌ಗಳು ಆ ಬಾಗಿಲುಗಳ ಒಳಮೈಯಲ್ಲೇ ಇದ್ದವು. ಬಾಗಿಲು ತೆರೆಯದೇ ಹೋದರೆ ಬೇಗ ಭೂಮಿಗೆ ವಾಪಸ್ ಬರಬೇಕಾಗುತ್ತಿತ್ತು. ಈ ಆಟಿಕೆಯಲ್ಲಿ ಅದೇ ಬಾಗಿಲು ತೆರೆದರೆ ಒಳಗಿಂದ ರೋಬೋಟಿನ ಕೈಗಳು ಹೊರಬರುತ್ತವೆ. ಎಷ್ಟು ಚಂದದ ಯೋಚನೆ ಅಲ್ವಾ? ಇದು ಹೊಳೆದದ್ದು ಷಟಲ್ ಬಗ್ಗೆ ನಿಜವಾಗಲೂ ಪ್ರೀತಿ ಇದ್ದವರಿಗೇ ಇರಬೇಕು. ಆದರೆ ಆ ಯೋಚನೆಯ ಭಾರ ಹೊರಬೇಕಾದ ಕೀಲು ಬೆಂಕಿಕಡ್ಡಿಗಿಂತ ತೆಳ್ಳಗಿದೆ.

ಅವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಆರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಕೂತೆ. ಟಾರ್ಚ್ ಹಿಡಿದು ಒಂದೊಂದು ಕೀಲನ್ನೂ ನೋಡಿದೆ. ಷಟಲ್‌ನ ಇನ್ನೊಂದು ಕೈ ಇನ್ನೂ ಮುರಿದಿಲ್ಲ, ಆದರೆ ಅದರ ಬುಡದಲ್ಲಿ ಬಿಳಿ ಗೆರೆ ಮೂಡಿದೆ. ಗಟ್ಟಿ ಪ್ಲಾಸ್ಟಿಕ್ ಬಾಗಿ ಬಾಗಿ ಸೋತಾಗ ಹೀಗೆ ಬಿಳಿಚಿಕೊಳ್ಳುತ್ತೆ. ಅದೂ ಇವತ್ತೋ ನಾಳೆಯೋ ಹೋಗುತ್ತೆ. ಕೈ ತಿರುಗೋದು ಒಂದು ಪುಟ್ಟ ಗೂಟದ ಮೇಲೆ. ಆ ಗೂಟ ಮೈಗೆ ಸೇರುವ ಜಾಗದಲ್ಲಿ ಮೂಲೆ ಚಾಕುವಿನಿಂದ ಕತ್ತರಿಸಿದ ಹಾಗೆ ಚೂಪಾಗಿದೆ. ತಿರುಗಿಸುವಾಗ ಒತ್ತಡವೆಲ್ಲಾ ಆ ಚೂಪು ಮೂಲೆಗೇ ಬೀಳುತ್ತೆ, ಬಿರುಕು ಶುರುವಾಗೋದೂ ಅಲ್ಲಿಂದಲೇ. ಆ ಮೂಲೆಯನ್ನು ಸ್ವಲ್ಪ ಗುಂಡಗೆ ಮಾಡಿದ್ದರೆ ಸಾಕಿತ್ತು. ಅಚ್ಚು ಮಾಡುವ ಯಾರಿಗಾದರೂ ಗೊತ್ತಿರುವ ವಿಷಯ ಇದು.

ಇನ್ನೊಂದು ಸಂಗತಿ. ಗೂಟವೂ ಎಬಿಎಸ್ ಪ್ಲಾಸ್ಟಿಕ್, ಅದು ಕೂರುವ ತೂತೂ ಎಬಿಎಸ್. ಹೊರಮೈಗೆ ಎಬಿಎಸ್ ಒಳ್ಳೆಯದೇ. ಗಟ್ಟಿಯಾಗಿರುತ್ತೆ, ಹೊಳೆಯುತ್ತೆ, ಬಣ್ಣ ಚೆನ್ನಾಗಿ ಹಿಡಿಯುತ್ತೆ. ಆದರೆ ಉಜ್ಜಿಕೊಂಡು ತಿರುಗುವ ಜಾಗಕ್ಕೆ ಅಸಿಟಾಲ್ ಅನ್ನುವ, ನುಣ್ಣಗೆ ಜಾರುವ, ಬೇಗ ಸವೆಯದ ಪ್ಲಾಸ್ಟಿಕ್ ಇದೆ. ಸಣ್ಣ ಯಂತ್ರಗಳ ಹಲ್ಲುಚಕ್ರಗಳನ್ನು ಅದರಲ್ಲಿ ಮಾಡುತ್ತಾರೆ. ಇಲ್ಲಿ ಬೇಕಿದ್ದದ್ದು ಉಗುರಿನಷ್ಟು ತುಂಡು, ಅಷ್ಟೇ. ಅಷ್ಟರಲ್ಲೂ ತಯಾರಿಸಿದವರು ಕಾಸು ಉಳಿಸಿದ್ದಾರೆ. ಪೆಟ್ಟಿಗೆಗೆ ಮಾತ್ರ ದಪ್ಪ ರಟ್ಟು, ಮುಚ್ಚಳಕ್ಕೆ ಅಯಸ್ಕಾಂತ, ಒಳಗೆ ಬೆಳ್ಳಿ ಬಣ್ಣದ ಕಾಗದ. ಮಗು ಆಡೋದು ಪೆಟ್ಟಿಗೆ ಜೊತೆಗಾ?

ನನಗೆ ಜಾಸ್ತಿ ಕೋಪ ಬಂದದ್ದು ರೋವರ್ ನೋಡಿದಾಗ. ಅದು ಕೆಟ್ಟದಾಗಿದೆ ಅಂತಲ್ಲ, ಚೆನ್ನಾಗಿದೆ ಅಂತ! 2012ರಲ್ಲಿ ಮಂಗಳದ ಮೇಲೆ ಇಳಿದ ಕ್ಯೂರಿಯಾಸಿಟಿಯ ಹಾಗೆ ಆರು ಚಕ್ರ, ಆರೂ ಉರುಳುತ್ತವೆ. ಕ್ಯಾಮೆರಾ ಕಂಬ ಮಡಚಿದರೆ ಅದೇ ರೋಬೋಟಿನ ತಲೆ. ನಾಲ್ಕೇ ಹೆಜ್ಜೆಯಲ್ಲಿ ರೂಪ ಬದಲಾಗುತ್ತೆ, ಪ್ರತಿ ಹೆಜ್ಜೆಯಲ್ಲೂ ಟಕ್ ಅಂತ ಜಾಗಕ್ಕೆ ಕೂರುತ್ತೆ. ಆ ಟಕ್ ಅನ್ನೋ ಸದ್ದಿಗೇ ಮಗ ಅದನ್ನು ನೂರಾರು ಸಲ ತಿರುಗಿಸಿದ್ದಾನೆ, ಒಂದು ಕೀಲೂ ಸಡಿಲವಾಗಿಲ್ಲ. ಗೂಟಗಳ ಬುಡ ನೋಡಿದೆ. ಗುಂಡಗಿದೆ. ಅಂದರೆ ಇವರಿಗೆ ಮಾಡೋಕೆ ಬರುತ್ತೆ. ಒಂದನ್ನು ಸರಿಯಾಗಿ ಮಾಡಿ, ಉಳಿದ ಐದಕ್ಕೆ ಇಷ್ಟೇ ಸಾಕು ಬಿಡು ಅಂದುಬಿಟ್ಟಿದ್ದಾರೆ. ತಿಳಿಯದೆ ಆದ ತಪ್ಪಾಗಿದ್ದರೆ ಸುಮ್ನೆ ಇರುತ್ತಿದ್ದೆ.

ರಾಕೆಟ್ ನಿಜವಾಗಿ ರೂಪ ಬದಲಿಸೋದೇ ಇಲ್ಲ. ಕೆಳಗಿನ ಹಂತವನ್ನು ಎರಡಾಗಿ ಸೀಳಿ ಕಾಲು ಅನ್ನುತ್ತಾರೆ, ಮೇಲಿನ ಮೂತಿಯನ್ನು ಕಿತ್ತು ಕೈಗೆ ಸಿಕ್ಕಿಸಿ ಕತ್ತಿ ಅನ್ನುತ್ತಾರೆ. ಕಿತ್ತು ಸಿಕ್ಕಿಸೋದು ಯಾವ ಆಟಿಕೆಯಲ್ಲಿ ಆಗಲ್ಲ ಹೇಳಿ? ಏನನ್ನೂ ಕೀಳದೆ, ಏನನ್ನೂ ಸೇರಿಸದೆ, ಕೈಯಲ್ಲಿರುವುದೇ ಇನ್ನೊಂದಾಗಬೇಕು. ಖುಷಿ ಇರೋದೇ ಅದರಲ್ಲಿ. ಉಪಗ್ರಹದ ಸೌರಫಲಕ ಬರೀ ಸ್ಟಿಕ್ಕರ್, ಎರಡನೇ ದಿನಕ್ಕೇ ಅಂಚು ಎದ್ದಿದೆ. ಟೆಲಿಸ್ಕೋಪಿನ ಕಾಲು ಒಮ್ಮೆ ಮಡಚಿದರೆ ಮತ್ತೆ ಬಿಚ್ಚೋಕೆ ದೊಡ್ಡವರ ಉಗುರೇ ಬೇಕು.

ಲ್ಯಾಂಡರ್‌ಗೆ ಮೂರು ಕಾಲು. 1969ರಲ್ಲಿ ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಈಗಲ್‌ಗೆ ಇದ್ದದ್ದು ನಾಲ್ಕು. ಪೆಟ್ಟಿಗೆಯ ಚಿತ್ರದಲ್ಲೂ ನಾಲ್ಕಿದೆ. ಮಗ ಎಣಿಸಿದ, ಮತ್ತೆ ಎಣಿಸಿದ. ಇನ್ನೊಂದು ಕಾಲು ಎಲ್ಲೋ ಉಳಿದುಬಿಟ್ಟಿದೆ ಅಂತ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ತಟ್ಟೆ ಎತ್ತಿ ಎತ್ತಿ ಹುಡುಕಿದ. ನನಗೆ ನೋಡೋಕಾಗಲಿಲ್ಲ.

ಆರನ್ನೂ ಜೋಡಿಸಿದ ದೊಡ್ಡ ರೋಬೋಟ್ ಒಂದು ಸಲವೂ ನಿಂತಿಲ್ಲ. ಷಟಲ್ ಎದೆಯಾಗುತ್ತೆ, ಭಾರ ಎಲ್ಲಾ ಮೇಲೆ. ಸೊಂಟದ ಗುಂಡುಕೀಲು ಆ ಭಾರ ತಡೆಯಲ್ಲ, ಮೆಲ್ಲಗೆ ಹಿಂದಕ್ಕೆ ವಾಲಿ ಬೀಳುತ್ತೆ. ಪೆಟ್ಟಿಗೆಯ ಮೇಲೆ ಮಾತ್ರ ಒಂದು ಕಾಲೆತ್ತಿ ಹಾರೋಕೆ ಹೊರಟ ಭಂಗಿ. ಜೋಡಿಸುವ ಚಿತ್ರಗಳೋ, ಒಂದೊಂದೂ ಅಂಚೆ ಚೀಟಿಯಷ್ಟು. ನಾಲ್ಕನೇ ಚಿತ್ರದಲ್ಲಿ ಮುಂದೆ ಇದ್ದ ಕೈ ಐದನೇ ಚಿತ್ರದಲ್ಲಿ ಹಿಂದೆ ಇರುತ್ತೆ. ಹೇಗೆ ಹೋಯ್ತು ಅನ್ನೋದಕ್ಕೆ ಒಂದು ಬಾಣದ ಗುರುತೂ ಇಲ್ಲ. ಓದೋಕೆ ಈಗಷ್ಟೇ ಕಲಿಯುತ್ತಿರುವ ಮಗು ಇದನ್ನು ನೋಡಿ ಏನು ಮಾಡಬೇಕು? ಅಂದಾಜಿನ ಮೇಲೆ ತಿರುಗಿಸುತ್ತೆ. ತಪ್ಪು ಕಡೆ ತಿರುಗಿಸಿದರೆ ಮುರಿಯುತ್ತೆ. ಸರಿಯಾದ ಕಡೆ ತಿರುಗಿಸಿದರೂ ಮುರಿಯುತ್ತೆ ಅನ್ನೋದನ್ನು ನಾವು ನೋಡಿದ್ವಿ.

ಇದೆಲ್ಲಾ ಹೋಗಲಿ. ಭುಜದ ಗೂಟದ ತುದಿ ಒಳಗೇ ಸಿಕ್ಕಿಕೊಂಡಿದೆ ಅಂದುಕೊಂಡಿದ್ದೆ. ಅದು ಸಿಡಿದು ಮಂಚದ ಕೆಳಗೆ ಹೋಗಿತ್ತು. ಮರುದಿನ ಬೆಳಗ್ಗೆ ಸಿಕ್ಕಿದ್ದು ನನ್ನ ಒಂದೂವರೆ ವರ್ಷದ ಮಗಳ ಮುಷ್ಟಿಯಲ್ಲಿ. ಬಾಯಿಗೆ ಹೋಗುವ ಮೊದಲೇ ಕಿತ್ತುಕೊಂಡೆ. ತುಂಬಾ ಹೊತ್ತು ನನ್ನ ಕೈ ನಡುಗುತ್ತಿತ್ತು. ಆಟಿಕೆಗಳ ಪರೀಕ್ಷೆಗೆ ಒಂದು ಕೊಳವೆ ಇರುತ್ತೆ, ಅಡ್ಡಗಲ 31.7 ಮಿಲಿಮೀಟರ್. ಮೂರು ವರ್ಷದೊಳಗಿನ ಮಗುವಿನ ಗಂಟಲನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದ್ದು. ಅದರೊಳಗೆ ಪೂರ್ತಿ ಇಳಿಯುವ ತುಂಡು ಆ ವಯಸ್ಸಿನವರ ಆಟಿಕೆಯಲ್ಲಿ ಇರಬಾರದು. ಕಾಗದ ಸುತ್ತಿ ಅಷ್ಟೇ ಅಗಲದ ಕೊಳವೆ ಮಾಡಿ ನೋಡಿದೆ. ಗೂಟದ ತುದಿ ಇರಲಿ, ಇಡೀ ಕೈ, ರಾಕೆಟ್ಟಿನ ಮೂತಿ ಎಲ್ಲವೂ ಒಳಗೆ ಇಳಿದವು. ಮೂರು ವರ್ಷದೊಳಗಿನವರಿಗಲ್ಲ ಅನ್ನುವ ಗುರುತು ಪೆಟ್ಟಿಗೆಯ ಮೇಲಿದೆ, ಒಪ್ಪುತ್ತೇನೆ. ಅದನ್ನು ನೋಡಿಯೇ ದಿನಾ ಆರನ್ನೂ ಎಣಿಸಿ ಮೇಲಿನ ಕಪಾಟಿನಲ್ಲಿ ಇಡುತ್ತಿದ್ದೆ. ಮೂರೇ ದಿನಕ್ಕೆ ಚೂರಾಗುವ ಆಟಿಕೆಯ ಚೂರುಗಳನ್ನು ಹೇಗೆ ಎಣಿಸಲಿ?

ಮಾರಿದವರಿಗೆ ಫೋಟೋ ಸಮೇತ ಬರೆದೆ. ಪೆಟ್ಟಿಗೆ ಬಿಚ್ಚುವಾಗಿನ ವಿಡಿಯೋ ಇದೆಯಾ ಅಂತ ಕೇಳಿದರು. ಮೂರು ದಿನ ಆಡಿದ ಮೇಲೆ ಮುರಿದದ್ದಕ್ಕೆ ಬಿಚ್ಚುವಾಗಿನ ವಿಡಿಯೋ ಯಾಕೆ ಬೇಕು? ಆಮೇಲೆ ಬಂದ ಉತ್ತರ ಇನ್ನೂ ಚೆನ್ನಾಗಿ ನೆನಪಿದೆ. ಮಗು ಜಾಸ್ತಿ ಬಲ ಹಾಕಿರಬೇಕಂತೆ. ರೂಪ ಬದಲಿಸುವ ಆಟಿಕೆಗಳು ನಾಜೂಕಾಗಿಯೇ ಇರುತ್ತವಂತೆ. ಬದಲಿ ಕೊಡೋಕಾಗಲ್ವಂತೆ.

ನಾಜೂಕಾಗಿಯೇ ಇರುತ್ತವಾ? ಇದೇನು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಜಪಾನಿನ ಆಟಿಕೆ ಕಂಪನಿ ಟಕಾರಾ 1980ರಲ್ಲೇ ಡಯಾಕ್ಲೋನ್ ಅನ್ನುವ ಆಟಿಕೆಗಳನ್ನು ತಂದಿತ್ತು. ಅವುಗಳನ್ನೂ ಅದೇ ಕಂಪನಿಯ ಮೈಕ್ರೋ ಚೇಂಜ್ ಆಟಿಕೆಗಳನ್ನೂ ತಗೊಂಡೇ ಅಮೆರಿಕದ ಹ್ಯಾಸ್ಬ್ರೋ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅನ್ನುವ ರೂಪ ಬದಲಿಸುವ ರೋಬೋಟ್ ಆಟಿಕೆಗಳನ್ನು ಶುರು ಮಾಡಿದ್ದು. ಅದರಲ್ಲಿ 1985ರಲ್ಲಿ ಬಂದ ಆಸ್ಟ್ರೋಟ್ರೇನ್ ಅನ್ನುವ ಒಂದೇ ಆಟಿಕೆ ಷಟಲ್ ಆಗುತ್ತಿತ್ತು, ಉಗಿಬಂಡಿ ಆಗುತ್ತಿತ್ತು, ರೋಬೋಟೂ ಆಗುತ್ತಿತ್ತು. ಆ ಕಾಲದ ಆಟಿಕೆಗಳನ್ನು ಇಂದಿಗೂ ತಿರುಗಿಸಿ ಆಡುವವರಿದ್ದಾರೆ. ನಲವತ್ತು ವರ್ಷದ ಹಿಂದೆ ಆದದ್ದು ಇವತ್ತು ಯಾಕಾಗಲ್ಲ? ಅಷ್ಟಕ್ಕೂ ಇದೇ ಸೆಟ್ಟಿನ ರೋವರ್‌ನಲ್ಲಿ ಆಗಿದೆಯಲ್ಲ! ತಿರುಗಿಸಿ ಅಂತ ಮಾರಿ, ತಿರುಗಿಸಿದ್ದಕ್ಕೇ ಮಗುವಿನ ಮೇಲೆ ತಪ್ಪು ಹೊರಿಸೋಕೆ ಇವರಿಗೆ ಬಾಯಾದರೂ ಹೇಗೆ ಬಂತು?

ಭುಜಕ್ಕೆ ಅಂಟು ಹಾಕಿ ಕೂರಿಸಿದ್ದೇನೆ. ಇನ್ನು ಆ ಕೈ ಅಲ್ಲಾಡಲ್ಲ, ಬಾಗಿಲೂ ತೆರೆಯಲ್ಲ. ನಿನ್ನೆ ಮಗ ರೋವರ್ ಹಿಡಿದುಕೊಂಡು ಬಂದ, ಆ ಗಟ್ಟಿಮುಟ್ಟಾದ ರೋವರ್. ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಂತು, "ಅಮ್ಮಾ, ಇದನ್ನ ನೀನೇ ತಿರುಗಿಸು" ಅಂದ.